ಅದೇ ಬಾಟಲಿ, ಅದೇ ಮೇಜು, ಐವತ್ತು ವರ್ಷ: ಜೊರ್ಜೊ ಮೊರಾಂಡಿ

ಪ್ರಶ್ನೆ: ನನ್ನ ಮಗಳು ಚಿತ್ರಕಲಾ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಮೂರು ವಾರದಿಂದ ಒಂದು ಚೊಂಬು, ಒಂದು ಗಾಜಿನ ಬಾಟಲಿ, ಒಂದು ತಗಡಿನ ಡಬ್ಬ ಇಟ್ಟುಕೊಂಡು ಅದನ್ನೇ ಬರೆಯುತ್ತಿದ್ದಾಳೆ. ಮೇಷ್ಟ್ರು ಹಾಗೆ ಹೇಳಿದ್ದಾರಂತೆ. ಬೇಜಾರಾಗಿ ಒಂದು ರಾತ್ರಿ ಅತ್ತೂಬಿಟ್ಟಳು. ಕೇಳಿದರೆ, ‘ಇಟಲಿಯ ಮೊರಾಂಡಿ ಜೀವಮಾನವೆಲ್ಲ ಇದನ್ನೇ ಮಾಡಿದ’ ಅಂತ ಮೇಷ್ಟ್ರು ಹೇಳಿದರಂತೆ. ನಾನೂ ಹುಡುಕಿ ನೋಡಿದೆ. ಎಲ್ಲ ಚಿತ್ರವೂ ಒಂದೇ ಥರ ಕಾಣಿಸಿತು. ಮಾಸಲು ಬಣ್ಣ, ನಾಲ್ಕು ಬಾಟಲಿ. ಈ ಮನುಷ್ಯ ಯಾರು? ಇದರಲ್ಲಿ ಅಂಥಾದ್ದೇನಿದೆ? ಲೋಕದ ಗೊಡವೆಯೇ ಬೇಡ ಅಂತ ಬಾಗಿಲು ಹಾಕಿಕೊಂಡು ಕೂತವನಾ?

ಉತ್ತರ: ಮೊದಲು ಮಗಳ ವಿಷಯ. ಅತ್ತಿದ್ದರಲ್ಲಿ ತಪ್ಪೇನೂ ಇಲ್ಲಮ್ಮ. ಒಂದೇ ವಸ್ತುವನ್ನು ಇಪ್ಪತ್ತು ದಿನ ನೋಡುವುದು ನಿಜಕ್ಕೂ ಕಷ್ಟದ ಕೆಲಸ. ಮೊದಲ ನಾಲ್ಕೈದು ದಿನ ಕೈ ತಾನಾಗಿ ಓಡುತ್ತದೆ. ಚೊಂಬು ಅಂದರೆ ಹೀಗಿರುತ್ತದೆ ಅಂತ ನಮಗೆ ಗೊತ್ತಿರುತ್ತದಲ್ಲ, ಅದನ್ನೇ ಬರೆಯುತ್ತಿರುತ್ತೇವೆ. ಆಮೇಲೆ ಗೊತ್ತಿದ್ದದ್ದು ಖಾಲಿಯಾಗುತ್ತದೆ. ಅಲ್ಲಿಂದ ಮುಂದೆ ನೋಡಿಯೇ ಬರೆಯಬೇಕು. ಅಳು ಬರುವುದು ಆ ತಿರುವಿನಲ್ಲಿ. ಬಹಳ ವರ್ಷ ಡ್ರಾಯಿಂಗ್ ಕಲಿಸಿದವನು ನಾನು. ತರಗತಿಯಲ್ಲಿ ಈ ತಿರುವನ್ನು ಎಷ್ಟೋ ಸಲ ನೋಡಿದ್ದೇನೆ.

ಈಗ ಮೊರಾಂಡಿ. ಬಾಟಲಿ ಅವನಿಗೆ ಒಂದು ನೆಪ. ಒಂದು ವಸ್ತುವಿನ ಪಕ್ಕ ಇನ್ನೊಂದನ್ನು ಇಟ್ಟಾಗ ನಡುವೆ ಒಂದಿಷ್ಟು ಜಾಗ ಉಳಿಯುತ್ತದಲ್ಲ, ಅವನ ಕಣ್ಣೆಲ್ಲ ಆ ಜಾಗದ ಮೇಲೆ. ನನ್ನ ಇಡೀ ಉತ್ತರ ಇಷ್ಟೇ. ಆದರೆ ಸುಮ್ನೆ ಹೇಳಿದರೆ ನಂಬಿಕೆ ಬರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜೊರ್ಜೊ ಮೊರಾಂಡಿ ಹುಟ್ಟಿದ್ದು 1890ರ ಜುಲೈ 20ರಂದು, ಉತ್ತರ ಇಟಲಿಯ ಬೊಲೊನ್ಯದಲ್ಲಿ. ಸತ್ತದ್ದೂ ಅಲ್ಲೇ, 1964ರ ಜೂನ್ 18ರಂದು. ಬೊಲೊನ್ಯ ಹಳೆಯ ವಿಶ್ವವಿದ್ಯಾಲಯದ ಊರು. ಬೀದಿ ಬದಿಯ ಮನೆಗಳ ಮುಂದೆ ಉದ್ದಕ್ಕೂ ಕಮಾನು ಜಗಲಿಗಳಿವೆ, ಮಳೆ ಬಂದರೂ ನೆನೆಯದೆ ಊರು ಸುತ್ತಬಹುದು. ಗೋಡೆಗಳ ಬಣ್ಣ ಇಟ್ಟಿಗೆ ಕೆಂಪು, ಕಾವಿ, ಒಣಗಿದ ಮಣ್ಣಿನ ಹಳದಿ. ಮೊರಾಂಡಿಯ ಚಿತ್ರಗಳ ಬಣ್ಣ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಈ ಗೋಡೆಗಳನ್ನೇ ತೋರಿಸುತ್ತೇನೆ. ನೀವು ಮಾಸಲು ಅಂದ ಬಣ್ಣ ಬಿಸಿಲು ಮಳೆಗೆ ಹಣ್ಣಾದ ಸುಣ್ಣದ ಗೋಡೆಯ ಬಣ್ಣ.

1909ರಲ್ಲಿ ತಂದೆ ತೀರಿಕೊಂಡರು. ಜೊರ್ಜೊ ಮನೆಗೆ ಹಿರಿಯ ಮಗ. ತಾಯಿ ಮರಿಯಾ, ತಂಗಿಯರು ಆನ್ನಾ, ದೀನಾ, ಮರಿಯಾ ತೆರೇಸ. ಎಲ್ಲರೂ ಫೊಂದಾತ್ಸಾ ಎಂಬ ಬೀದಿಯ ಮನೆಗೆ ಬಂದರು. ಇವನೂ ಮದುವೆಯಾಗಲಿಲ್ಲ, ತಂಗಿಯರೂ ಆಗಲಿಲ್ಲ. ತಾಯಿ 1950ರಲ್ಲಿ ತೀರಿಕೊಂಡರು. ಅಣ್ಣ ತಂಗಿಯರು ಕೊನೆಯವರೆಗೆ ಒಂದೇ ಸೂರಿನಡಿ ಇದ್ದರು.

ಆ ಮನೆಯಲ್ಲಿ ಅವನದೊಂದು ಕೋಣೆ. ಮಲಗುವುದೂ ಅಲ್ಲೇ, ಬರೆಯುವುದೂ ಅಲ್ಲೇ. ಒಂದು ಪಕ್ಕದಲ್ಲಿ ಕಿರಿದಾದ ಮಂಚ, ಇನ್ನೊಂದು ಪಕ್ಕ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್. ಒಂದು ಕಿಟಕಿ, ಅದರಾಚೆ ಹಿತ್ತಲು. ತಂಗಿಯರ ಕೋಣೆ ದಾಟಿಯೇ ಇವನ ಕೋಣೆಗೆ ಹೋಗಬೇಕಿತ್ತು. ಇವನೋ ಬಲು ಎತ್ತರದ ಆಳು. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಕರೆದಾಗ ಎತ್ತರದವರನ್ನೇ ಆರಿಸುವ ಗ್ರೆನೇಡಿಯರ್ ದಳಕ್ಕೆ ಹಾಕಿದ್ದರು. ಕೆಲವೇ ವಾರದಲ್ಲಿ ಕಾಯಿಲೆ ಬಿದ್ದು ಮನೆಗೆ ಮರಳಿದ. ಅಂಥ ಆಳು ಅಷ್ಟು ಪುಟ್ಟ ಕೋಣೆಯಲ್ಲಿ ನೂರಾರು ಬಾಟಲಿ, ಹೂಜಿ, ಡಬ್ಬಗಳ ನಡುವೆ ಓಡಾಡುತ್ತಿದ್ದದ್ದನ್ನು ಊಹಿಸಿಕೊಳ್ಳಿ.

ಇನ್ನು ಆ ಸಾಮಾನುಗಳ ಕಥೆ. ಮಗಳಿಗೆ ಇದನ್ನು ಓದಿ ಹೇಳಿ.

ಹಳೇ ಸಾಮಾನಿನ ಅಂಗಡಿಯಿಂದ, ಅಡುಗೆಮನೆಯಿಂದ ಬಂದ ವಸ್ತುಗಳು ಅವು. ಎಣ್ಣೆ ಬಾಟಲಿ, ದೀಪದ ಬುರುಡೆ, ಕಾಫಿ ಡಬ್ಬ, ಹಾಲಿನ ಹೂಜಿ, ಮೈಯೆಲ್ಲ ಗೀರು ಗೀರಾಗಿ ತಿರುಚಿದ ಒಂದು ಬಿಳಿ ಬಾಟಲಿ. ತಂದವನು ಹಾಗೇ ಇಡುತ್ತಿರಲಿಲ್ಲ. ಮೊದಲು ಮೇಲಿನ ಚೀಟಿ ಕಿತ್ತು ತೆಗೆಯುತ್ತಿದ್ದ. ಗಾಜಿನ ಬಾಟಲಿಯಾದರೆ ಒಳಗೆ ಬಣ್ಣ ತುಂಬಿಸುತ್ತಿದ್ದ. ಡಬ್ಬವಾದರೆ ಹೊರಗೆ ಹೊಳಪಿಲ್ಲದ ಬಣ್ಣ ಬಳಿಯುತ್ತಿದ್ದ. ಗಾಜಿನ ಮಿಂಚು ಹೋಗಲಿ, ತಗಡಿನ ಪ್ರತಿಬಿಂಬ ಹೋಗಲಿ, ಆಕಾರ ಮಾತ್ರ ಉಳಿಯಲಿ ಅಂತ. ಬೇಕಾದ ಆಕಾರ ಎಲ್ಲೂ ಸಿಗದಿದ್ದರೆ ಮಾಡಿಸುತ್ತಿದ್ದ. ಡಬ್ಬದ ಮೇಲೆ ಲಾಳಿಕೆ ಬೋರಲು ಹಾಕಿ ಬೆಸೆದಂಥ ಒಂದು ವಸ್ತು ಅವನ ಎಷ್ಟೋ ಚಿತ್ರಗಳಲ್ಲಿ ಬರುತ್ತದೆ. ನೋಡಿದವರು ಇದು ಯಾವ ಪಾತ್ರೆ ಅಂತ ತಲೆ ಕೆರೆದುಕೊಳ್ಳುತ್ತಾರೆ. ಯಾವ ಅಡುಗೆಮನೆಯಲ್ಲೂ ಇಲ್ಲದ ಪಾತ್ರೆ ಅದು.

ಆಮೇಲೆ ಧೂಳು. ವಸ್ತುಗಳ ಮೇಲೆ ಕೂತ ಧೂಳನ್ನು ಒರೆಸಲು ಬಿಡುತ್ತಿರಲಿಲ್ಲ. ಧೂಳು ಕೂತರೆ ಮೈ ಹೊಳೆಯುವುದಿಲ್ಲ, ಬೆಳಕು ಮೆತ್ತಗೆ ಬೀಳುತ್ತದೆ. ನಮ್ಮ ಮನೆಯ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯನ್ನು ಒಮ್ಮೆ ಇಳಿಸಿ ನೋಡಿ. ತಿಕ್ಕುವ ಮುಂಚೆ ಅದು ಹೇಗಿರುತ್ತದೋ, ಆ ಮೆತ್ತನೆಯ ಮೈಯೇ ಅವನಿಗೆ ಬೇಕಾಗಿದ್ದದ್ದು.

ಜೋಡಿಸುವುದು ಇದಕ್ಕಿಂತ ದೊಡ್ಡ ಕೆಲಸ. ಬೇರೆ ಬೇರೆ ಎತ್ತರದ ಮೇಜುಗಳಿದ್ದವು. ಒಂದರ ಮೇಲಿಟ್ಟರೆ ಮೇಲಿನಿಂದ ನೋಡಿದ ಹಾಗೆ, ಇನ್ನೊಂದರ ಮೇಲಿಟ್ಟರೆ ಕಣ್ಣಿನ ಮಟ್ಟಕ್ಕೆ. ಮೇಜಿಗೆ ಕಾಗದ ಹಾಸಿ, ಪ್ರತಿ ವಸ್ತುವಿನ ತಳದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿಡುತ್ತಿದ್ದ. ಯಾವುದು ಎಲ್ಲಿತ್ತು ಅನ್ನುವ ಗುರುತು. ಒಂದು ಡಬ್ಬವನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸುವುದು, ದೂರ ನಿಂತು ನೋಡುವುದು, ಸರಿ ಕಾಣದಿದ್ದರೆ ಹಳೇ ಗುರುತಿಗೆ ತರುವುದು. ಹೀಗೇ ದಿನಗಟ್ಟಲೆ. ಬೆಳಕು ಜಾಸ್ತಿಯಾದರೆ ಕಿಟಕಿಗೆ ಬಟ್ಟೆ ಕಟ್ಟುತ್ತಿದ್ದ. ಆ ಹಾಸಿದ ಕಾಗದಗಳಲ್ಲಿ ಕೆಲವು ಉಳಿದಿವೆ. ಒಂದರ ಮೇಲೊಂದು ವೃತ್ತ, ಚೌಕ, ಪಕ್ಕದಲ್ಲಿ ಸಣ್ಣ ಗುರುತುಗಳು. ನನಗೆ ಆ ಕಾಗದಗಳೂ ಅವನ ಚಿತ್ರಗಳಷ್ಟೇ ಮುಖ್ಯ. ಬ್ರಶ್ ಹಿಡಿಯುವ ಹೊತ್ತಿಗೆ ಅರ್ಧ ಕೆಲಸ ಆ ಮೇಜಿನ ಮೇಲೆಯೇ ಮುಗಿದಿರುತ್ತಿತ್ತು.

ಇಷ್ಟೆಲ್ಲ ಯಾಕೆ? 1950ರ ದಶಕದ ಯಾವುದಾದರೂ ಒಂದು ಚಿತ್ರವನ್ನು ಫೋನಿನಲ್ಲೇ ತೆಗೆದು ದೊಡ್ಡದು ಮಾಡಿ ನೋಡಿ. ಸಾಮಾನ್ಯವಾಗಿ ನಾಲ್ಕಾರು ವಸ್ತುಗಳು ನಡುವೆ ಒತ್ತಿಕೊಂಡು ನಿಂತಿರುತ್ತವೆ, ಚಳಿಗೆ ಗುಂಪುಗೂಡಿದ ಜನರ ಹಾಗೆ. ಈಗ ಬಾಟಲಿಗಳನ್ನು ಬಿಡಿ, ಅಂಚುಗಳನ್ನು ಮಾತ್ರ ನೋಡುತ್ತಾ ಹೋಗಿ. ಮುಂದಿನ ಪೆಟ್ಟಿಗೆಯ ಬಲ ಅಂಚು ಮತ್ತು ಹಿಂದಿನ ಬಾಟಲಿಯ ಎಡ ಅಂಚು ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿ ಸೇರಿರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ? ಒಂದು ಕ್ಷಣ ತಿಳಿಯುವುದಿಲ್ಲ. ಎರಡು ಡಬ್ಬಗಳ ತಲೆ ಒಂದೇ ಎತ್ತರಕ್ಕೆ ಬಂದಿರುತ್ತದೆ. ಮೇಜಿನ ಹಿಂದಿನ ಅಂಚು ಹೂಜಿಯ ಭುಜಕ್ಕೆ ಬಂದು ಮುಟ್ಟಿ ಅಲ್ಲೇ ಕಾಣೆಯಾಗುತ್ತದೆ. ಎರಡು ಬಾಟಲಿಗಳ ಕುತ್ತಿಗೆಗಳ ನಡುವೆ ಸಿಕ್ಕಿಬಿದ್ದ ಗೋಡೆಯ ತುಂಡು ತಾನೇ ಮೂರನೇ ಬಾಟಲಿಯ ಹಾಗೆ ನಿಂತಿರುತ್ತದೆ. ನೆರಳು ಎಷ್ಟೋ ಸಲ ವಸ್ತುವಿಗಿಂತ ಗಟ್ಟಿಯಾಗಿರುತ್ತದೆ.

ಇಲ್ಲಿ ಕಲಾವಿದರು ಸಾಮಾನ್ಯವಾಗಿ ಕೊಡುವ ಪಾಠಕ್ಕೆ ಅವನು ಉಲ್ಟಾ ಹೋಗುತ್ತಾನೆ ನೋಡಿ. ಎರಡು ವಸ್ತುಗಳ ಅಂಚನ್ನು ಒಂದೇ ಗೆರೆಗೆ ತರಬೇಡಿ, ಕಣ್ಣಿಗೆ ಗಲಿಬಿಲಿಯಾಗುತ್ತದೆ ಅಂತ ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ನಾನೂ ಹೇಳಿದ್ದೇನೆ. ಮೊರಾಂಡಿ ಬೇಕಂತಲೇ ಆ ಗಲಿಬಿಲಿಯ ಹತ್ತಿರಕ್ಕೆ ಹೋಗಿ ನಿಲ್ಲುತ್ತಾನೆ. ನಾವು ನೋಡುವುದೆಲ್ಲ ಎಷ್ಟು ಖಚಿತ ಅಂದುಕೊಂಡಿರುತ್ತೇವೋ ಅಷ್ಟು ಖಚಿತವಲ್ಲ ಅನ್ನುವುದು ಅವನ ಅನುಭವ. ಕಣ್ಣಿಗೆ ಕಾಣುವ ಈ ನಿಜಕ್ಕಿಂತ ಅಮೂರ್ತವಾದದ್ದು ಬೇರೆ ಯಾವುದೂ ಇಲ್ಲ ಅನ್ನುವ ಅರ್ಥದ ಮಾತನ್ನು ಕೊನೆಗಾಲದ ಸಂದರ್ಶನಗಳಲ್ಲಿ ಹೇಳಿದ್ದಾನೆ. ಡಬ್ಬದ ಮುಂದೆ ಹತ್ತು ನಿಮಿಷ ಕೂತವರಿಗೆ ಆ ಮಾತು ಥಟ್ಟನೆ ಅರ್ಥವಾಗುತ್ತದೆ.

ನೀವೇ ಮಾಡಿ ನೋಡಬಹುದು. ಅಡುಗೆಮನೆಯಿಂದ ಮೂರು ಡಬ್ಬ ತಂದು ಕಿಟಕಿ ಪಕ್ಕದ ಮೇಜಿನ ಮೇಲಿಡಿ. ಒಂದು ಕಣ್ಣು ಮುಚ್ಚಿ. ನಡುವಿನ ಡಬ್ಬವನ್ನು ನಿಧಾನವಾಗಿ ಪಕ್ಕದ್ದರ ಕಡೆ ಸರಿಸುತ್ತಾ ಹೋಗಿ. ನಡುವಿನ ಸಂದು ಸಣ್ಣದಾಗುತ್ತಾ ಆಗುತ್ತಾ ಒಂದು ಗೆರೆಯಷ್ಟಾಗುತ್ತದೆ. ಆ ಗೆರೆ ಇನ್ನೇನು ಮುಚ್ಚಬೇಕು ಅನ್ನುವಾಗ ನಿಲ್ಲಿಸಿ. ಅಲ್ಲಿ ಒಂಥರಾ ಬಿಗಿ ಹುಟ್ಟುತ್ತದೆ, ಅಲ್ವಾ? ಮೂರೂ ಡಬ್ಬ ಉಸಿರು ಹಿಡಿದು ನಿಂತ ಹಾಗೆ. ಅವನ ಚಿತ್ರಗಳಲ್ಲಿ ಎಷ್ಟೋ ಚಿತ್ರಗಳ ವಿಷಯ ಅದು.

ಎಲ್ಲವೂ ಒಂದೇ ಥರ ಅಂದಿರಿ. ಕಾಲ ನೋಡಿಕೊಂಡು ಹೋದರೆ ಹಾಗಿಲ್ಲ. 1907ರಿಂದ 1913ರವರೆಗೆ ಬೊಲೊನ್ಯದ ಕಲಾ ಅಕಾಡೆಮಿಯಲ್ಲಿ ಓದಿದ. ಅಲ್ಲಿಯ ಪಾಠ ಅವನಿಗೆ ಸಾಲಲಿಲ್ಲ. ಸೆಜಾನ್‌ನನ್ನು ಅವನು ಮೊದಲು ಕಂಡದ್ದು ಪುಸ್ತಕದ ಕಪ್ಪು ಬಿಳುಪು ಮುದ್ರಣದಲ್ಲಿ. ಬಣ್ಣಕ್ಕೇ ಹೆಸರಾದ ಚಿತ್ರಕಾರನನ್ನು ಬಣ್ಣವಿಲ್ಲದೆ ನೋಡಿ ಕಲಿತ! ಬೂದು ಬಣ್ಣದ ಏರಿಳಿತದಲ್ಲೇ ಲೋಕ ಕಟ್ಟುವ ಅವನ ಶಕ್ತಿಗೂ ಇದಕ್ಕೂ ನಂಟಿದೆ ಅಂತ ನನಗನ್ನಿಸುತ್ತದೆ. 1910ರಲ್ಲಿ ಫ್ಲಾರೆನ್ಸ್‌ಗೆ ಹೋಗಿ ಜೊತ್ತೊ, ಮಸಾಚ್ಚೊ, ಉಚ್ಚೆಲ್ಲೊ ಅವರ ಹಳೆಯ ಭಿತ್ತಿಚಿತ್ರಗಳನ್ನು ನೋಡಿ ಬಂದ. 1914ರಲ್ಲಿ ಫ್ಯೂಚರಿಸ್ಟರ ಜೊತೆ ಪ್ರದರ್ಶನ ಮಾಡಿದ. ವೇಗ, ಯಂತ್ರ, ಗದ್ದಲ ಅಂತಿದ್ದ ಗುಂಪು ಅದು. ಅಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ.

1918ರ ಸುಮಾರಿಗೆ ಬರೆದವು ಬೇರೆಯೇ. ಡಿ ಕಿರಿಕೊ ಮತ್ತು ಕರಾ ಆಗ ‘ಮೆಟಾಫಿಸಿಕಲ್’ ಅನ್ನುವ ಬಗೆಯ ಚಿತ್ರ ಬರೆಯುತ್ತಿದ್ದರು. ಖಾಲಿ ಚೌಕ, ಉದ್ದ ನೆರಳು, ಕನಸಿನಂಥ ನಿಶ್ಶಬ್ದ. ಮೊರಾಂಡಿಯೂ ಎರಡು ಮೂರು ವರ್ಷ ಆ ದಾರಿಯಲ್ಲಿ ನಡೆದ. ಪೆಟ್ಟಿಗೆಯೊಳಗೆ ತೇಲುವ ಚೆಂಡು, ದರ್ಜಿಯ ಅಂಗಡಿಯ ಗೊಂಬೆತಲೆ, ಕೊರೆದ ಹಾಗೆ ಖಚಿತವಾದ ಅಂಚು. ಒಂದೊಂದೂ ಚೆಂದ. ಆದರೆ ಗೂಢಾರ್ಥದ ಆಸೆ ಅವನಿಗೆ ಇರಲಿಲ್ಲ. 1920ರ ಹೊತ್ತಿಗೆ ಗೊಂಬೆತಲೆ ಹೋಯಿತು, ಮನೆಯ ಬಾಟಲಿಗಳು ಬಂದವು. 1930ರ ದಶಕದ ಚಿತ್ರಗಳು ಗಾಢ ಕಂದು, ಬಣ್ಣ ದಪ್ಪ, ಬ್ರಶ್ಶಿನ ಓಟ ಒರಟು. ನೀವು ನೋಡಿದ ತಿಳಿ ಬೂದು, ತಿಳಿ ಗುಲಾಬಿಯ ಚಿತ್ರಗಳು ಕೊನೆಯ ಹದಿನೈದು ಇಪ್ಪತ್ತು ವರ್ಷದವು. ಆಮೇಲೆ ನೀರುಬಣ್ಣ ಬಂತು. ಕಾಗದದ ಮೇಲೆ ಎರಡು ಮೂರು ಕಲೆಗಳಷ್ಟೇ. ಎಲ್ಲಿ ಬಣ್ಣ ಹಾಕಿಲ್ಲವೋ ಅಲ್ಲಿ ಬಾಟಲಿ ಕಾಣುತ್ತದೆ. ನಡುವಿನ ಜಾಗವನ್ನೇ ಬರೆದು, ವಸ್ತುವನ್ನು ಖಾಲಿ ಬಿಟ್ಟ.

ಒಟ್ಟು ಸುಮಾರು 1,350 ತೈಲಚಿತ್ರ ಬರೆದ. ಹೆಚ್ಚಿನವು ಚಿಕ್ಕವು, ಎರಡೂ ಕೈಯಲ್ಲಿ ಹಿಡಿದು ನೋಡುವಂಥವು. ಹೆಸರೂ ಮೂರೇ: ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ), ಭೂದೃಶ್ಯ, ಹೂವು. ಸ್ಟಿಲ್ ಲೈಫ್‌ಗೆ ಇಟಾಲಿಯನ್ನಿನಲ್ಲಿ ‘ನಾತೂರಾ ಮೋರ್ತಾ’ ಅನ್ನುತ್ತಾರೆ, ಅಂದರೆ ಸತ್ತ ಪ್ರಕೃತಿ. ಇವನ ಮೇಜಿನ ಮೇಲಿನ ವಸ್ತುಗಳಿಗೆ ಆ ಹೆಸರು ಒಪ್ಪುವುದೇ ಇಲ್ಲ.

ಒಂದು ಪ್ರಸಂಗ ಹೇಳಬೇಕು. ಲುಯಿಜಿ ಮನ್ಯಾನಿ ಅಂತ ಒಬ್ಬ ಸಂಗೀತ ಬಲ್ಲ ಕಲಾಸಂಗ್ರಾಹಕ ಇದ್ದ, ಮೊರಾಂಡಿಯ ಸ್ನೇಹಿತನಾದ. ನನಗೊಂದು ವಾದ್ಯಗಳ ಚಿತ್ರ ಬರೆದುಕೊಡು ಅಂತ ಕೇಳಿ, ತನ್ನಲ್ಲಿದ್ದ ಹಳೆಯ, ಬೆಲೆಬಾಳುವ ವಾದ್ಯಗಳನ್ನು ತಂದುಕೊಟ್ಟ. ಮೊರಾಂಡಿಗೆ ಅವನ್ನು ಬರೆಯಲು ಆಗಲಿಲ್ಲ. 1941ರಲ್ಲಿ ಅವನು ಬರೆದುಕೊಟ್ಟ ಚಿತ್ರದಲ್ಲಿ ಇರುವುದು ಒಂದು ಸಾಧಾರಣ ಗಿಟಾರ್, ಮ್ಯಾಂಡೊಲಿನ್, ಜೊತೆಗೆ ಮಕ್ಕಳ ಆಟದ ತುತ್ತೂರಿ. ಸಂತೆಯಿಂದ ಅವನೇ ಆರಿಸಿ ತಂದವು. ಮನ್ಯಾನಿಗೆ ಮೊದಲು ನಿರಾಸೆಯಾಗಿರಬಹುದು. ಆದರೆ ಯೋಚನೆ ಮಾಡಿ, ಕುಸುರಿ ಕೆಲಸ ಮಾಡಿದ ಹಳೇ ವಾದ್ಯಕ್ಕೆ ಆಗಲೇ ತನ್ನದೇ ಕಥೆ ಇರುತ್ತದೆ. ನೋಡುವವರು ಆ ಕಥೆಯನ್ನೇ ನೋಡುತ್ತಾರೆ. ಆಟದ ತುತ್ತೂರಿಗೆ ಯಾವ ಕಥೆಯೂ ಇಲ್ಲ, ಅದರ ಆಕಾರ ಒಂದೇ ಇರುವುದು. ಬಾಟಲಿಯ ಚೀಟಿ ಕೀಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮನ್ಯಾನಿ ಆಮೇಲೆ ಪಾರ್ಮಾ ಬಳಿಯ ತನ್ನ ಮನೆಯಲ್ಲಿ ಮೊರಾಂಡಿಯ ಐವತ್ತು ಕೃತಿಗಳನ್ನು ಕೂಡಿಟ್ಟ. ಆ ಮನೆ ಈಗ ಸಂಗ್ರಹಾಲಯ. ತುತ್ತೂರಿಯ ಚಿತ್ರವೂ ಅಲ್ಲಿದೆ.

ಮಗಳು ಪ್ರಿಂಟ್ ಮೇಕಿಂಗ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರೆ ಇನ್ನೊಂದು ವಿಷಯ. ಮೊರಾಂಡಿ ಎಚ್ಚಿಂಗ್‌ನಲ್ಲೂ ಬಹಳ ದೊಡ್ಡವನು. ಲೋಹದ ಹಾಳೆಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಲ್ಲಿ ಗೀಚಿ, ಆಸಿಡ್‌ನಲ್ಲಿ ಅದ್ದುವುದು. ಗೀಚಿದ ಕಡೆ ಮಾತ್ರ ಆಸಿಡ್ ಕೊರೆಯುತ್ತದೆ. ಆ ಕೊರೆತಕ್ಕೆ ಶಾಯಿ ತುಂಬಿ ಕಾಗದದ ಮೇಲೆ ಒತ್ತುತ್ತಾರೆ. ಇದನ್ನು ಅವನು ಹಳೆಯ ಕೈಪಿಡಿಗಳನ್ನು ಓದಿ, ರೆಂಬ್ರಾಂಟ್‌ನ ಕೃತಿಗಳನ್ನು ನೋಡಿ, ತಾನೇ ಕಲಿತ. ಮೊದಲನೆಯದು 1912ರದು, ಒಂದು ಸೇತುವೆಯ ಚಿತ್ರ. ಜೀವಮಾನದಲ್ಲಿ ಮಾಡಿದ್ದು ಸುಮಾರು 130. ಅದರಲ್ಲಿ ಬಳಸಿದ್ದು ಬರೀ ಗೆರೆ. ಅಡ್ಡ ಗೆರೆ, ಉದ್ದ ಗೆರೆ, ಓರೆ ಗೆರೆ. ಒತ್ತೊತ್ತಾಗಿ ಹಾಕಿದರೆ ಕತ್ತಲು, ಬಿಡಿಬಿಡಿಯಾಗಿ ಹಾಕಿದರೆ ಬೆಳಕು. ಹೂಜಿಯ ಸುತ್ತ ಎಲ್ಲೂ ಹೊರಗೆರೆ ಇರುವುದಿಲ್ಲ. ಒಂದು ಕಡೆ ಗೆರೆಗಳ ಬಲೆ ದಟ್ಟ, ಪಕ್ಕದಲ್ಲಿ ತೆಳು, ಆ ಎರಡು ಬಲೆ ಕೂಡುವ ಕಡೆ ಹೂಜಿಯ ಮೈ ಮೂಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಹೂಜಿ ಮಾಯ, ಬರೀ ಜಾಲರಿ. ಒಂದು ಹೆಜ್ಜೆ ಹಿಂದೆ ಸರಿದರೆ ಹೂಜಿ ವಾಪಸ್. ಒಂದು ತಪ್ಪು ಗೆರೆ ಬಿದ್ದರೂ ಅಳಿಸುವ ಹಾಗಿಲ್ಲದ ಮಾಧ್ಯಮದಲ್ಲಿ ಈ ಕೆಲಸ ಮಾಡಿದ್ದಾನೆ.

ಹೊಟ್ಟೆಪಾಡಿಗೆ 1914ರಿಂದ 1929ರವರೆಗೆ ಪ್ರಾಥಮಿಕ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. 1930ರಲ್ಲಿ ತಾನು ಓದಿದ ಅಕಾಡೆಮಿಯಲ್ಲೇ ಎಚ್ಚಿಂಗ್ ಅಧ್ಯಾಪಕನಾದ. 1956ರವರೆಗೆ, ಅಂದರೆ ಇಪ್ಪತ್ತಾರು ವರ್ಷ, ಪಾಠ ಮಾಡಿದ. ಒಂಟಿಯಾಗಿ ಕೂತವನು ಅನ್ನುವ ಕಥೆ ಕೇಳಿದಾಗೆಲ್ಲ ನನಗೆ ಈ ಮೇಷ್ಟ್ರ ಕೆಲಸ ನೆನಪಾಗುತ್ತದೆ. ದಿನಾ ಬೆಳಿಗ್ಗೆ ತರಗತಿಗೆ ಹೋಗಿ, ಮಕ್ಕಳ ಎಚ್ಚಿಂಗ್ ಹಾಳೆ ತಿದ್ದಿ, ಸಂಜೆ ಮನೆಗೆ ಬರುವ ಮನುಷ್ಯ ಲೋಕಕ್ಕೆ ಬೆನ್ನು ಹಾಕಿದವನು ಹೇಗಾಗುತ್ತಾನೆ?

ನಿಮ್ಮ ಮೂರನೇ ಪ್ರಶ್ನೆ ಇದೇ ಅಲ್ವಾ. ಇದಕ್ಕೆ ಸ್ವಲ್ಪ ಎಚ್ಚರದಿಂದ ಉತ್ತರ ಹೇಳಬೇಕು. ‘ಬಾಟಲಿಗಳ ಸನ್ಯಾಸಿ’ ಅನ್ನುವ ಚಿತ್ರಣ ಬಹಳ ಹಬ್ಬಿದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. 1920ರ ದಶಕದಲ್ಲಿ ಇಟಲಿ ಮುಸೊಲಿನಿಯ ಕೈಗೆ ಹೋದಾಗ ಮೊರಾಂಡಿ ದೂರ ಉಳಿದವನಲ್ಲ. ಫ್ಯಾಸಿಸ್ಟರಿಗೆ ಹತ್ತಿರವಿದ್ದ ಬರಹಗಾರರು, ಪತ್ರಿಕೆಯವರು ಅವನ ಸ್ನೇಹಿತರಾಗಿದ್ದರು. ಹಳ್ಳಿಯ, ನೆಲದ ಗುಣವನ್ನು ಹೊಗಳುತ್ತಿದ್ದ ‘ಸ್ತ್ರಪಯೇಸೆ’ ಎಂಬ ಗುಂಪಿನವರು ಅವನನ್ನು ತಮ್ಮವನೆಂದು ಮೆರೆಸಿದರು. ಆ ಕಾಲದ ದೊಡ್ಡ ಪ್ರದರ್ಶನಗಳಲ್ಲಿ ಅವನ ಚಿತ್ರಗಳಿದ್ದವು. 1928ರಲ್ಲಿ ಬೊಲೊನ್ಯದ ಫ್ಯಾಸಿಸ್ಟ್ ಪತ್ರಿಕೆಯಲ್ಲಿ ಬಂದ ಅವನ ಆತ್ಮಪರಿಚಯದಲ್ಲಿ ಆ ಪಕ್ಷದ ಬಗ್ಗೆ ನಂಬಿಕೆಯ ಮಾತಿದೆ. ಅವನನ್ನು ಪ್ರೀತಿಸುವ ನನ್ನಂಥವರಿಗೆ ಇದು ನೋವಿನ ಸಂಗತಿ. ಆದರೂ ಮುಚ್ಚಿಡಬಾರದು.

ಹಾಗಂತ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1930ರ ದಶಕದಲ್ಲಿ ಅವನ ಒಡನಾಟ ಬದಲಾಯಿತು. ಕಲಾ ಇತಿಹಾಸಕಾರ ರೊಬೆರ್ತೊ ಲೋಂಗಿ 1934ರಲ್ಲಿ ಬೊಲೊನ್ಯ ವಿಶ್ವವಿದ್ಯಾಲಯದಲ್ಲಿ ತನ್ನ ಮೊದಲ ಉಪನ್ಯಾಸ ಕೊಟ್ಟಾಗ ಶತಮಾನಗಳ ಬೊಲೊನ್ಯ ಚಿತ್ರಕಲೆಯ ಬಗ್ಗೆ ಮಾತಾಡುತ್ತಾ ಬಂದು, ಕೊನೆಗೆ ಇಟಲಿಯ ಬದುಕಿರುವ ಶ್ರೇಷ್ಠರಲ್ಲಿ ಒಬ್ಬ ಅಂತ ಮೊರಾಂಡಿಯ ಹೆಸರು ಹೇಳಿದ. ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರ ಹೆಸರು! ಮೊರಾಂಡಿಯ ಸುತ್ತ ಸೇರಿದ ಕಿರಿಯರಲ್ಲಿ ಫ್ಯಾಸಿಸಂ ವಿರೋಧಿಗಳಿದ್ದರು. 1943ರಲ್ಲಿ ಆ ಸಂಪರ್ಕದ ಕಾರಣಕ್ಕೇ ಪೊಲೀಸರು ಮೊರಾಂಡಿಯನ್ನು ಹಿಡಿದುಕೊಂಡು ಹೋದರು. ಸುಮಾರು ಒಂದು ವಾರ ಸೆರೆಮನೆಯಲ್ಲಿದ್ದು, ಸ್ನೇಹಿತರ ಪ್ರಯತ್ನದಿಂದ ಬಿಡುಗಡೆಯಾದ.

ಅದಾದ ಮೇಲೆ ಬಾಂಬ್ ದಾಳಿಯ ಭಯದಿಂದ ಮನೆಯವರೆಲ್ಲ ಗ್ರಿಜ್ಜಾನಕ್ಕೆ ಹೋದರು. ಬೊಲೊನ್ಯದ ದಕ್ಷಿಣಕ್ಕೆ ಅಪೆನೈನ್ ಬೆಟ್ಟಗಳಲ್ಲಿರುವ ಹಳ್ಳಿ. 1913ರಿಂದಲೂ ಬೇಸಿಗೆಗೆ ಹೋಗಿ ಬರುತ್ತಿದ್ದ ಊರು. ಅಲ್ಲಿ ಬರೆದ ಭೂದೃಶ್ಯಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬಿಳಿ ದಾರಿ, ಕಿಟಕಿಯಿಲ್ಲದ ಹಾಗೆ ಕಾಣುವ ಮನೆ, ಒಣ ಹಸಿರಿನ ಇಳಿಜಾರು. ಬೆಟ್ಟವನ್ನೂ ಮೇಜಿನ ಮೇಲಿನ ಡಬ್ಬದ ಹಾಗೇ ನೋಡುತ್ತಿದ್ದ. 1943 ಮತ್ತು 44ರಲ್ಲಿ ಇಂಥವನ್ನು ಬಹಳ ಬರೆದ. 1944ರಲ್ಲಿ ಯುದ್ಧದ ಸಾಲು ಅಲ್ಲಿಗೇ ಬಂತು. ಆ ವರ್ಷ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಗ್ರಿಜ್ಜಾನ, ಮರ್ಜಬೊತ್ತೊ, ಮೊಂಜೂನೊ ಸುತ್ತಲಿನ ಆ ಬೆಟ್ಟಗಳಲ್ಲಿ ಜರ್ಮನ್ ಸೈನಿಕರು 700ಕ್ಕೂ ಹೆಚ್ಚು ಹಳ್ಳಿಜನರನ್ನು ಕೊಂದರು, ಮಕ್ಕಳೂ ಮುದುಕರೂ ಸೇರಿ. ಅವನ ಚಿತ್ರಗಳಲ್ಲಿ ಅದು ನೇರವಾಗಿ ಎಲ್ಲೂ ಬರುವುದಿಲ್ಲ. ಆದರೆ ಇದನ್ನು ತಿಳಿದುಕೊಂಡ ಮೇಲೆ ಆ ಜನರಿಲ್ಲದ ಇಳಿಜಾರುಗಳನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ. 1985ರಲ್ಲಿ ಊರಿನವರು ಹಳ್ಳಿಯ ಹೆಸರನ್ನೇ ಗ್ರಿಜ್ಜಾನ ಮೊರಾಂಡಿ ಅಂತ ಬದಲಿಸಿಕೊಂಡರು.

ಪ್ರಶಸ್ತಿಗಳು ಬಂದವು. 1948ರಲ್ಲಿ ವೆನಿಸ್ ಬಿನಾಲೆ ಅನ್ನುವ, ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನದಲ್ಲಿ ಚಿತ್ರಕಲೆಯ ಬಹುಮಾನ, 1957ರಲ್ಲಿ ಬ್ರೆಜಿಲಿನ ಸಾವೊ ಪಾಲೊ ಬಿನಾಲೆಯ ದೊಡ್ಡ ಬಹುಮಾನ. ಫೆಲಿನಿಯ 1960ರ ‘ಲಾ ದೋಲ್ಚೆ ವೀತಾ’ ಸಿನಿಮಾದಲ್ಲಿ ಒಬ್ಬ ಬುದ್ಧಿಜೀವಿಯ ಮನೆಯ ಗೋಡೆಯ ಮೇಲೆ ಅವನ ಚಿತ್ರ ಕಾಣುತ್ತದೆ. ಅಷ್ಟು ಹೆಸರಾಗಿದ್ದ. ಅವನು ಮಾತ್ರ ಮೊದಲ ಸಲ ಇಟಲಿಯ ಗಡಿ ದಾಟಿದ್ದು 1956ರಲ್ಲಿ, ಅರವತ್ತಾರನೇ ವಯಸ್ಸಿಗೆ, ಪಕ್ಕದ ಸ್ವಿಟ್ಜರ್ಲೆಂಡಿಗೆ.

ತನ್ನ ಬಗ್ಗೆ ಬೇರೆಯವರು ಏನು ಬರೆಯುತ್ತಾರೆ ಅನ್ನುವುದರ ಮೇಲೆ ಮಾತ್ರ ಅವನಿಗೆ ವಿಪರೀತ ಕಾಳಜಿ. ಬಹುಕಾಲದ ಸ್ನೇಹಿತ ಫ್ರಾಂಚೆಸ್ಕೊ ಅರ್ಕಾಂಜೆಲಿ 1960ರ ಆಚೀಚೆ ಅವನ ಮೇಲೆ ದೊಡ್ಡ ಪುಸ್ತಕ ಬರೆದ. ಆಗಿನ ಕಾಲದ ಹೊಸ ಅಮೂರ್ತ ಕಲೆಗೂ ಮೊರಾಂಡಿಗೂ ಅದರಲ್ಲಿ ಸಂಬಂಧ ಕಟ್ಟಿದ್ದ. ಮೊರಾಂಡಿ ಒಪ್ಪಲೇ ಇಲ್ಲ. ಸ್ನೇಹ ಮುರಿಯಿತು. ಸನ್ಯಾಸಿಗೆ ಇದೆಲ್ಲ ಯಾಕೆ ಬೇಕು? ತನ್ನ ಕೆಲಸ ಏನು ಅಂತ ಚೆನ್ನಾಗಿ ಗೊತ್ತಿದ್ದ, ಅದನ್ನು ಯಾರೂ ಬೇರೆ ಕಡೆ ಎಳೆಯಬಾರದು ಅನ್ನುವ ಹಟವಿದ್ದ ಮನುಷ್ಯ ಅವನು. ಬಾಗಿಲು ಹಾಕಿಕೊಳ್ಳುತ್ತಿದ್ದ, ನಿಜ. ಕೆಲಸಕ್ಕೆ ಬೇಕಾದಷ್ಟು ಹೊತ್ತು.

ಇನ್ನು ಮಗಳ ಚೊಂಬಿನ ವಿಷಯಕ್ಕೆ ಬರೋಣ. ಮೇಷ್ಟ್ರು ಕೊಟ್ಟ ಕೆಲಸ ಸರಿಯಾಗಿದೆ. ಆದರೆ ಒಂದು ಮಾತು ಅವರು ಹೇಳಿದ್ದಾರೋ ಇಲ್ಲವೋ ಕೇಳಿ. ಮೂರು ವಸ್ತುಗಳನ್ನು ಮೂರು ವಾರ ಇಟ್ಟ ಜಾಗದಲ್ಲೇ ಬಿಟ್ಟು ಬರೆಯುತ್ತಿದ್ದರೆ ಬೇಜಾರಾಗುವುದು ಸಹಜ. ಮೊರಾಂಡಿ ಹಾಗೆ ಮಾಡಲಿಲ್ಲ. ಅವನು ಸರಿಸುತ್ತಿದ್ದ. ಮೇಜಿನ ಮೇಲೆ ಒಂದು ಬಿಳಿ ಹಾಳೆ ಹಾಸಲಿ. ಚೊಂಬು, ಬಾಟಲಿ, ಡಬ್ಬ ಮೂರರ ತಳದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ನಾಳೆ ಒಂದನ್ನು ಮಾತ್ರ ಅರ್ಧ ಇಂಚು ಸರಿಸಲಿ, ಹೊಸ ಗೆರೆ ಎಳೆಯಲಿ, ಬರೆಯಲಿ. ನಾಡಿದ್ದು ಇನ್ನೊಂದನ್ನು. ಕೂರುವ ಎತ್ತರವನ್ನೂ ಬದಲಿಸಲಿ, ಒಂದು ದಿನ ನೆಲದ ಮೇಲೆ, ಒಂದು ದಿನ ಎತ್ತರದ ಸ್ಟೂಲಿನ ಮೇಲೆ. ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗುವುದು ಬೇಡ, ಕಂದಿದ ಹಾಗೇ ಇರಲಿ. ಬಾಟಲಿಯ ಚೀಟಿ ಇನ್ನೂ ಅಂಟಿಕೊಂಡಿದ್ದರೆ ನೆನೆಸಿ ತೆಗೆಯಲಿ. ಒಂದು ದಿನ ಮೂರನ್ನೂ ಬರೆಯುವುದನ್ನೇ ಬಿಟ್ಟು, ನಡುವಿನ ಸಂದುಗಳಿಗೆ ಮಾತ್ರ ಬಣ್ಣ ಹಾಕಲಿ.

ಎರಡು ವಾರ ಕಳೆದ ಮೇಲೆ ಆ ಹಾಸಿದ ಹಾಳೆಯನ್ನು ಎಸೆಯಬೇಡಿ. ಅದರ ಮೇಲೆ ಹತ್ತಾರು ಗೆರೆ ಕೂತಿರುತ್ತವೆ. ಅದನ್ನು ಚಿತ್ರಗಳ ಜೊತೆಗೇ ಮೇಷ್ಟ್ರಿಗೆ ತೋರಿಸಲಿ.